ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಅಪಾಯಕಾರಿ ಡಿಕ್ಕಿಗಳು ಮತ್ತು ಶಿಸ್ತುಕ್ರಮ

ನ್ಯಾಷನಲ್ ಹಾಕಿ ಲೀಗ್ (ಎನ್‌ಎಚ್‌ಎಲ್) ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆಗಿದೆ. 1917ರಲ್ಲಿ ಸ್ಥಾಪನೆಯಾದ ಈ ಲೀಗ್‌ನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ 25 ಮತ್ತು ಕೆನಡಾದ 7 ತಂಡಗಳು ಆಡುತ್ತವೆ. ಮೈದಾನದ ಹಾಕಿಯಲ್ಲಿ ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದು ತಪ್ಪು. ಐಸ್ ಹಾಕಿಯಲ್ಲಿ ಅದು ನಿಯಮಬದ್ಧವಾದ ಆಟದ ಭಾಗ. ಆದ್ದರಿಂದ ಲೀಗ್‌ನ ಶಿಸ್ತು ವ್ಯವಸ್ಥೆಯು ಡಿಕ್ಕಿಯನ್ನು ನಿಷೇಧಿಸುವ ಬದಲು ನ್ಯಾಯವಾದ ಡಿಕ್ಕಿಯನ್ನೂ ಅಪಾಯಕಾರಿ ಡಿಕ್ಕಿಯನ್ನೂ ಬೇರ್ಪಡಿಸಬೇಕಾಗುತ್ತದೆ. ಈ ಗೆರೆಯನ್ನು ಎಲ್ಲಿ ಎಳೆಯಬೇಕು, ಯಾರು ಎಳೆಯಬೇಕು ಎಂಬ ವಿವಾದ ಸುಮಾರು ಒಂದು ಶತಮಾನದಿಂದ ನಡೆದುಬಂದಿದೆ. 2010ರಲ್ಲಿ ಜಾರಿಗೆ ಬಂದ ತಲೆಯ ಮೇಲಿನ ಡಿಕ್ಕಿಯ ನಿಯಮ ಮತ್ತು 2011ರಲ್ಲಿ ರಚನೆಯಾದ ಆಟಗಾರರ ಸುರಕ್ಷತಾ ವಿಭಾಗ ಇಂದಿನ ವ್ಯವಸ್ಥೆಯ ಎರಡು ಆಧಾರಗಳು.

ಬಾಡಿ ಚೆಕ್ ಮತ್ತು ಅದರ ಮಿತಿ

ಪಕ್ ಎಂದು ಕರೆಯಲಾಗುವ ರಬ್ಬರ್ ಬಿಲ್ಲೆಯನ್ನು ಹೊಂದಿರುವ ಆಟಗಾರನನ್ನು ಭುಜ, ಎದೆ ಅಥವಾ ಸೊಂಟದಿಂದ ನೂಕಿ ಅದರಿಂದ ಬೇರ್ಪಡಿಸುವುದನ್ನು 'ಬಾಡಿ ಚೆಕ್' ಎನ್ನುತ್ತಾರೆ. ಎನ್‌ಎಚ್‌ಎಲ್‌ನ ರಿಂಕ್ 200 ಅಡಿ ಉದ್ದ ಮತ್ತು 85 ಅಡಿ ಅಗಲವಿದ್ದು, ಅದರ ಸುತ್ತ ಗಟ್ಟಿಯಾದ ಹಲಗೆಗಳ ಗೋಡೆಯೂ ಅದರ ಮೇಲೆ ಗಾಜಿನ ತಡೆಯೂ ಇರುತ್ತವೆ. ಆಟಗಾರರು ಗಂಟೆಗೆ 30 ಕಿ.ಮೀ.ಗೂ ಮೀರಿದ ವೇಗದಲ್ಲಿ ಜಾರುತ್ತಾರೆ. ಎದುರು ಬದುರಾಗಿ ಬಂದ ಇಬ್ಬರು ಡಿಕ್ಕಿಯಾದಾಗ, ಅಥವಾ ಒಬ್ಬನು ಹಲಗೆಗೆ ಅಪ್ಪಳಿಸಿದಾಗ ಉಂಟಾಗುವ ಆಘಾತಕ್ಕೆ ಬೇರೆ ತಂಡ ಆಟಗಳಲ್ಲಿ ಹೋಲಿಕೆ ಸುಲಭವಾಗಿ ಸಿಗದು.

ನಿಯಮಾವಳಿಯು ಅಪಾಯಕಾರಿ ಡಿಕ್ಕಿಗಳನ್ನು ಹಲವು ಬಗೆಯಾಗಿ ಗುರುತಿಸುತ್ತದೆ. ರಕ್ಷಣೆಯಿಲ್ಲದ ಸ್ಥಿತಿಯಲ್ಲಿರುವ ಆಟಗಾರನನ್ನು ಹಲಗೆಗೆ ಅಪಾಯಕರವಾಗಿ ಅಪ್ಪಳಿಸುವಂತೆ ಮಾಡುವುದು 'ಬೋರ್ಡಿಂಗ್' (ನಿಯಮ 41). ದೂರದಿಂದ ಓಡಿಬಂದು ಅಥವಾ ಮೇಲಕ್ಕೆ ಜಿಗಿದು ಹೊಡೆಯುವುದು 'ಚಾರ್ಜಿಂಗ್' (ನಿಯಮ 42). ಹಿಂದಿನಿಂದ ಹೊಡೆಯುವುದು, ಮೊಣಕೈಯಿಂದ ಹೊಡೆಯುವುದು ಮತ್ತು ಮೊಣಕಾಲನ್ನು ಒಡ್ಡುವುದಕ್ಕೆ ಪ್ರತ್ಯೇಕ ನಿಯಮಗಳಿವೆ. ಎದುರಾಳಿಯು ರಕ್ಷಣೆಯಿಲ್ಲದ ಸ್ಥಿತಿಯಲ್ಲಿದ್ದಾನೆಯೇ ಎಂದು ಗಮನಿಸುವ ಹೊಣೆ ಹೊಡೆಯುವವನದು ಎಂಬುದು ಬೋರ್ಡಿಂಗ್ ನಿಯಮದ ಮುಖ್ಯ ಅಂಶ. ಆದರೆ ಹೊಡೆತ ಬೀಳುವ ಕ್ಷಣದಲ್ಲಿ ಎದುರಾಳಿಯೇ ಬೆನ್ನು ತಿರುಗಿಸಿದರೆ ಹೊಣೆ ಯಾರದು ಎಂಬ ಪ್ರಶ್ನೆ ವಿಚಾರಣೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ.

ರಿಂಕ್‌ನಲ್ಲಿ ರೆಫರಿ ವಿಧಿಸುವ ಶಿಕ್ಷೆ ನಿಮಿಷಗಳ ಲೆಕ್ಕದ್ದು. ತಪ್ಪಿತಸ್ಥನು 2 ಅಥವಾ 5 ನಿಮಿಷ ಹೊರಗಿರಬೇಕು. ತಪ್ಪು ಗಂಭೀರವಾಗಿದ್ದರೆ ಆ ಪಂದ್ಯದಿಂದಲೇ ಹೊರಹೋಗಬೇಕು. ಪಂದ್ಯದ ನಂತರ ಲೀಗ್ ವಿಧಿಸುವ ಅಮಾನತು ಮತ್ತು ದಂಡವನ್ನು 'ಪೂರಕ ಶಿಸ್ತುಕ್ರಮ' ಎಂದು ಕರೆಯಲಾಗುತ್ತದೆ. ರೆಫರಿ ಕಾಣದ ಅಥವಾ ತಪ್ಪೆಂದು ಪರಿಗಣಿಸದ ಹೊಡೆತಕ್ಕೂ ಪೂರಕ ಶಿಸ್ತುಕ್ರಮ ಅನ್ವಯಿಸಬಹುದು.

ಆರಂಭಿಕ ಇತಿಹಾಸ

1933ರ ಡಿಸೆಂಬರ್ 12ರಂದು ಬೋಸ್ಟನ್ ಗಾರ್ಡನ್‌ನಲ್ಲಿ ನಡೆದ ಪಂದ್ಯದಲ್ಲಿ ಬೋಸ್ಟನ್ ಬ್ರೂಯಿನ್ಸ್ ತಂಡದ ಎಡ್ಡಿ ಶೋರ್, ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಏಸ್ ಬೇಲಿಯನ್ನು ಹಿಂದಿನಿಂದ ಬೀಳಿಸಿದರು. ಬೇಲಿಯ ತಲೆ ಮಂಜುಗಡ್ಡೆಗೆ ಬಡಿದು ತಲೆಬುರುಡೆ ಒಡೆಯಿತು. ಶಸ್ತ್ರಚಿಕಿತ್ಸೆಯಿಂದ ಅವರು ಬದುಕಿ ಉಳಿದರೂ ಮತ್ತೆ ಆಡಲಿಲ್ಲ. ಶೋರ್ ಅವರಿಗೆ 16 ಪಂದ್ಯಗಳ ಅಮಾನತು ವಿಧಿಸಲಾಯಿತು. ಬೇಲಿಯ ನೆರವಿಗಾಗಿ 1934ರ ಫೆಬ್ರವರಿ 14ರಂದು ಟೊರಾಂಟೊದಲ್ಲಿ ನಡೆದ ಪಂದ್ಯದಲ್ಲಿ ಲೀಗ್‌ನ ಪ್ರಮುಖ ಆಟಗಾರರೆಲ್ಲ ಸೇರಿದ್ದರು. ಪಂದ್ಯಕ್ಕೆ ಮೊದಲು ಬೇಲಿ ಮತ್ತು ಶೋರ್ ಕೈಕುಲುಕಿದರು.

1955ರ ಮಾರ್ಚ್ 13ರಂದು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಮಾರಿಸ್ ರಿಚರ್ಡ್, ಬೋಸ್ಟನ್‌ನಲ್ಲಿ ಎದುರಾಳಿಯೊಡನೆ ನಡೆದ ಜಗಳದ ನಡುವೆ ಲೈನ್ಸ್‌ಮನ್ ಒಬ್ಬರನ್ನು ಗುದ್ದಿದರು. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಅವರು ರಿಚರ್ಡ್‌ರನ್ನು ಆ ಹಂಗಾಮಿನ ಉಳಿದ ಪಂದ್ಯಗಳಿಂದಲೂ ಪ್ಲೇಆಫ್ ಹಂತದಿಂದಲೂ ಅಮಾನತುಗೊಳಿಸಿದರು. ಮಾರ್ಚ್ 17ರಂದು ಕ್ಯಾಂಬೆಲ್ ಮಾಂಟ್ರಿಯಲ್‌ನ ಪಂದ್ಯಕ್ಕೆ ಸ್ವತಃ ಹಾಜರಾದಾಗ ಕ್ರೀಡಾಂಗಣದಲ್ಲಿ ಅಶ್ರುವಾಯು ಸಿಡಿಯಿತು. ಹೊರಗೆ ಬೀದಿಗಳಲ್ಲಿ ಗಲಭೆ ನಡೆಯಿತು. ಇಂಗ್ಲಿಷ್ ಭಾಷಿಕ ಅಧಿಕಾರಿಯೊಬ್ಬರು ಫ್ರೆಂಚ್ ಭಾಷಿಕ ಜನನಾಯಕನನ್ನು ಶಿಕ್ಷಿಸಿದರೆಂದು ಕ್ವಿಬೆಕ್‌ನ ಜನ ಅದನ್ನು ಅರ್ಥೈಸಿದರು. ಶಿಸ್ತುಕ್ರಮವು ಆಟದ ಹೊರಗಿನ ಕಾರಣಗಳಿಂದಲೂ ವಿವಾದವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಲೀಗ್‌ನ ಇತಿಹಾಸದಲ್ಲಿಲ್ಲ.

1968ರ ಜನವರಿ 13ರಂದು ಮಿನ್ನೆಸೋಟ ನಾರ್ತ್ ಸ್ಟಾರ್ಸ್ ತಂಡದ ಬಿಲ್ ಮಾಸ್ಟರ್ಟನ್ ಡಿಕ್ಕಿಯೊಂದರ ನಂತರ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಎರಡು ದಿನಗಳ ನಂತರ ಅವರು ಮೃತಪಟ್ಟರು. ಎನ್‌ಎಚ್‌ಎಲ್ ಪಂದ್ಯದಲ್ಲಾದ ಗಾಯದ ನೇರ ಪರಿಣಾಮವಾಗಿ ಸಾವನ್ನಪ್ಪಿದ ಏಕೈಕ ಆಟಗಾರ ಅವರು. ಆ ಡಿಕ್ಕಿ ಅಂದಿನ ನಿಯಮಗಳ ಪ್ರಕಾರ ತಪ್ಪಾಗಿರಲಿಲ್ಲ. ಮಾಸ್ಟರ್ಟನ್ ಅಂದಿನ ಬಹುತೇಕ ಆಟಗಾರರಂತೆ ಹೆಲ್ಮೆಟ್ ಧರಿಸಿರಲಿಲ್ಲ. ಹಾಗಿದ್ದರೂ ಹೊಸ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯವಾಗಲು 1979ರವರೆಗೆ ಕಾಯಬೇಕಾಯಿತು. ಅದಕ್ಕೆ ಮೊದಲು ಒಪ್ಪಂದ ಮಾಡಿಕೊಂಡಿದ್ದವರಿಗೆ ವಿನಾಯಿತಿ ಇದ್ದುದರಿಂದ, ಬರಿತಲೆಯಲ್ಲಿ ಆಡುತ್ತಿದ್ದ ಕೊನೆಯ ಆಟಗಾರ ಕ್ರೇಗ್ ಮ್ಯಾಕ್‌ಟ್ಯಾವಿಶ್ ನಿವೃತ್ತರಾದದ್ದು 1997ರಲ್ಲಿ.

ನ್ಯಾಯಾಲಯಕ್ಕೆ ಹೋದ ಪ್ರಕರಣಗಳು

2000ದ ಫೆಬ್ರವರಿ 21ರಂದು ಬೋಸ್ಟನ್ ತಂಡದ ಮಾರ್ಟಿ ಮೆಕ್‌ಸಾರ್ಲಿ, ವ್ಯಾಂಕೂವರ್ ಕ್ಯಾನಕ್ಸ್ ತಂಡದ ಡೊನಾಲ್ಡ್ ಬ್ರಾಶಿಯರ್ ಅವರ ತಲೆಗೆ ಕೋಲಿನಿಂದ ಹೊಡೆದರು. ಲೀಗ್ ಅವರನ್ನು ಅಮಾನತುಗೊಳಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯವು ಆಯುಧದಿಂದ ಹಲ್ಲೆ ನಡೆಸಿದ ಅಪರಾಧಕ್ಕೆ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ, ಷರತ್ತುಬದ್ಧ ಬಿಡುಗಡೆ ನೀಡಿತು. ಮೆಕ್‌ಸಾರ್ಲಿ ಮತ್ತೆ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ.

ಇದಕ್ಕಿಂತ ಗಂಭೀರವಾದದ್ದು ಟಾಡ್ ಬರ್ಟುಜಿ ಮತ್ತು ಸ್ಟೀವ್ ಮೂರ್ ಅವರ ಪ್ರಕರಣ. 2004ರ ಫೆಬ್ರವರಿ 16ರಂದು ಕೊಲರಾಡೊ ಅವಲಾಂಚ್ ತಂಡದ ಮೂರ್, ವ್ಯಾಂಕೂವರ್ ತಂಡದ ನಾಯಕ ಮಾರ್ಕಸ್ ನ್ಯಾಸ್ಲಂಡ್‌ಗೆ ಡಿಕ್ಕಿ ಹೊಡೆದು ಗಾಯಗೊಳಿಸಿದರು. ರೆಫರಿಗಳು ಅದನ್ನು ತಪ್ಪೆಂದು ಪರಿಗಣಿಸಲಿಲ್ಲ. ಲೀಗ್ ಕೂಡ ಶಿಕ್ಷೆ ನೀಡಲಿಲ್ಲ. ಮಾರ್ಚ್ 8ರಂದು ಎರಡೂ ತಂಡಗಳು ವ್ಯಾಂಕೂವರ್‌ನಲ್ಲಿ ಮತ್ತೆ ಎದುರಾದವು. ಹೊಡೆದಾಟಕ್ಕೆ ಕರೆದರೂ ಮೂರ್ ಒಪ್ಪದಿದ್ದಾಗ ಬರ್ಟುಜಿ ಅವರ ಜೆರ್ಸಿಯನ್ನು ಹಿಂದಿನಿಂದ ಹಿಡಿದು ತಲೆಯ ಪಕ್ಕಕ್ಕೆ ಗುದ್ದಿದರು. ಇಬ್ಬರೂ ಮಂಜುಗಡ್ಡೆಯ ಮೇಲೆ ಬಿದ್ದರು. ಇತರ ಆಟಗಾರರೂ ಅವರ ಮೇಲೆ ಬಿದ್ದರು. ಮೂರ್ ಅವರ ಕುತ್ತಿಗೆಯ ಮೂರು ಕಶೇರುಗಳು ಮುರಿದವು, ಮಿದುಳಿಗೂ ಆಘಾತವಾಯಿತು. ಆಗ 25 ವರ್ಷದವರಾಗಿದ್ದ ಅವರು ಮತ್ತೆಂದೂ ಆಡಲಿಲ್ಲ.

ಬರ್ಟುಜಿ ಆ ಹಂಗಾಮಿನ ಉಳಿದ 13 ಪಂದ್ಯಗಳನ್ನೂ 7 ಪ್ಲೇಆಫ್ ಪಂದ್ಯಗಳನ್ನೂ ಕಳೆದುಕೊಂಡರು. ಮುಂದಿನ ಹಂಗಾಮು ಕಾರ್ಮಿಕ ವಿವಾದದಿಂದ ಪೂರ್ತಿ ರದ್ದಾದ ಕಾರಣ, 2005ರ ಆಗಸ್ಟ್‌ನಲ್ಲಿ ಅವರ ಮೇಲಿನ ನಿರ್ಬಂಧ ತೆರವಾದಾಗ ಎನ್‌ಎಚ್‌ಎಲ್‌ನಲ್ಲಿ ಅವರು ತಪ್ಪಿಸಿಕೊಂಡಿದ್ದ ಪಂದ್ಯಗಳು ಅಷ್ಟೇ ಆಗಿದ್ದವು. ಅವರು 2006ರ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರವಾಗಿ ಆಡಿದರು. ಕ್ರಿಮಿನಲ್ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡ ಅವರಿಗೆ ಷರತ್ತುಬದ್ಧ ಬಿಡುಗಡೆ ದೊರೆಯಿತು. ಮೂರ್ ಹೂಡಿದ ಸಿವಿಲ್ ದಾವೆ 2014ರಲ್ಲಿ, ಘಟನೆಯಾದ ಹತ್ತು ವರ್ಷಗಳ ನಂತರ, ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು.

ನಾಯಕನ ಮೇಲಿನ ಹೊಡೆತಕ್ಕೆ ಲೀಗ್ ಶಿಕ್ಷೆ ನೀಡದಿದ್ದರೆ ತಂಡದವರೇ ಉತ್ತರ ಕೊಡಬೇಕೆಂಬುದು ಐಸ್ ಹಾಕಿಯ ಅಲಿಖಿತ ಸಂಪ್ರದಾಯ. ಇದಕ್ಕಾಗಿಯೇ 'ಎನ್‌ಫೋರ್ಸರ್' ಎಂಬ ಹೊಡೆದಾಟದ ಆಟಗಾರರನ್ನು ತಂಡಗಳು ಇಟ್ಟುಕೊಳ್ಳುತ್ತಿದ್ದವು. ಇಬ್ಬರ ನಡುವಿನ ಮುಷ್ಟಿಯುದ್ಧಕ್ಕೆ ಇಂದಿಗೂ 5 ನಿಮಿಷಗಳ ಶಿಕ್ಷೆಯಷ್ಟೇ ಇದೆ. ಈ ಸಂಪ್ರದಾಯವೇ ಆಟಗಾರರನ್ನು ಕಾಪಾಡುತ್ತದೆ ಎಂಬ ವಾದವನ್ನು ಮೂರ್ ಪ್ರಕರಣ ಬಹಳ ದುರ್ಬಲಗೊಳಿಸಿತು.

ನಿಯಮ 48

2010ಕ್ಕೆ ಮೊದಲು ಭುಜದಿಂದ ಎದುರಾಳಿಯ ತಲೆಗೆ ಹೊಡೆಯುವುದು ತಾನಾಗಿಯೇ ತಪ್ಪಾಗಿರಲಿಲ್ಲ. ನ್ಯೂಜೆರ್ಸಿ ಡೆವಿಲ್ಸ್‌ನ ಸ್ಕಾಟ್ ಸ್ಟೀವನ್ಸ್, 2000ದ ಪ್ಲೇಆಫ್‌ನಲ್ಲಿ ಎರಿಕ್ ಲಿಂಡ್ರೋಸ್‌ಗೂ 2003ರ ಅಂತಿಮ ಸರಣಿಯಲ್ಲಿ ಪಾಲ್ ಕಾರಿಯಾಗೂ ಹೊಡೆದ ಡಿಕ್ಕಿಗಳು ಅವರನ್ನು ನಿಶ್ಚೇಷ್ಟಿತರನ್ನಾಗಿಸಿದವು. ಎರಡಕ್ಕೂ ಶಿಕ್ಷೆಯಾಗಲಿಲ್ಲ. ಪಕ್ ಕಡೆಗೆ ನೋಡುತ್ತ ತಲೆ ತಗ್ಗಿಸಿ ಜಾರುವವನದೇ ತಪ್ಪು ಎಂಬುದು ಅಂದಿನ ಸಾಮಾನ್ಯ ಅಭಿಪ್ರಾಯವಾಗಿತ್ತು. ತಲೆ ಎತ್ತಿ ಆಡುವುದನ್ನು ಬಾಲ್ಯದಿಂದಲೇ ಕಲಿಸಲಾಗುತ್ತಿತ್ತು.

2009ರ ಅಕ್ಟೋಬರ್ 24ರಂದು ಫಿಲಡೆಲ್ಫಿಯಾ ಫ್ಲೈಯರ್ಸ್‌ನ ಮೈಕ್ ರಿಚರ್ಡ್ಸ್ ಅವರ ಹೊಡೆತದಿಂದ ಫ್ಲಾರಿಡಾ ಪ್ಯಾಂಥರ್ಸ್‌ನ ಡೇವಿಡ್ ಬೂತ್ ಪ್ರಜ್ಞೆ ತಪ್ಪಿದರು. 2010ರ ಮಾರ್ಚ್ 7ರಂದು ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ನ ಮ್ಯಾಟ್ ಕುಕ್, ಪಕ್ಕನ್ನು ಹೊಡೆದು ಮುಗಿಸಿದ್ದ ಬೋಸ್ಟನ್‌ನ ಮಾರ್ಕ್ ಸವಾರ್ಡ್ ಅವರ ತಲೆಗೆ ಪಕ್ಕದಿಂದ ಬಂದು ಭುಜದಿಂದ ಹೊಡೆದರು. ಕುಕ್‌ಗೆ ಪಂದ್ಯದಲ್ಲಿ ಶಿಕ್ಷೆಯಾಗಲಿಲ್ಲ, ಅಮಾನತೂ ಆಗಲಿಲ್ಲ. ಯಾವ ನಿಯಮವೂ ಮುರಿದಿಲ್ಲ ಎಂಬುದು ಲೀಗ್‌ನ ವಿವರಣೆಯಾಗಿತ್ತು. ಆ ವಿವರಣೆ ನಿಯಮಗಳ ಮಟ್ಟಿಗೆ ಸರಿಯೇ ಆಗಿದ್ದುದರಿಂದ, ನಿಯಮವನ್ನೇ ಬದಲಿಸಬೇಕೆಂಬ ಒತ್ತಾಯ ತಡೆಯಲಾಗದಂತಾಯಿತು. ಅದೇ ತಿಂಗಳು, ಹಂಗಾಮು ನಡೆಯುತ್ತಿರುವಾಗಲೇ, ಪಕ್ಕದಿಂದ ಅಥವಾ ಕಾಣದ ದಿಕ್ಕಿನಿಂದ ಬಂದು ತಲೆಯನ್ನು ಗುರಿಯಾಗಿಸುವ ಹೊಡೆತಕ್ಕೆ ಪೂರಕ ಶಿಸ್ತುಕ್ರಮ ವಿಧಿಸುವ ನಿರ್ಧಾರ ಜಾರಿಗೆ ಬಂದಿತು. 2010–11ರ ಹಂಗಾಮಿನಿಂದ ಅದು ನಿಯಮ 48 ಆಗಿ ನಿಯಮಾವಳಿಗೆ ಸೇರಿತು.

ಸವಾರ್ಡ್ ಚೇತರಿಸಿಕೊಂಡು ಮರಳಿದರಾದರೂ 2011ರ ಜನವರಿಯಲ್ಲಿ ಮತ್ತೊಮ್ಮೆ ಮಿದುಳಿನ ಆಘಾತಕ್ಕೆ ಒಳಗಾದರು. ಅದೇ ಅವರ ಕೊನೆಯ ಪಂದ್ಯವಾಯಿತು. ಆ ವರ್ಷ ಬೋಸ್ಟನ್ ಗೆದ್ದ ಸ್ಟ್ಯಾನ್ಲಿ ಕಪ್‌ನ ಮೇಲೆ ಅವರ ಹೆಸರನ್ನೂ ಕೆತ್ತಲಾಗಿದೆ. ಕುಕ್ ಅವರನ್ನು 2011ರ ಮಾರ್ಚ್‌ನಲ್ಲಿ ಮತ್ತೊಬ್ಬ ಆಟಗಾರನ ತಲೆಗೆ ಮೊಣಕೈಯಿಂದ ಹೊಡೆದುದಕ್ಕೆ ಹಂಗಾಮಿನ ಉಳಿದ 10 ಪಂದ್ಯಗಳಿಂದಲೂ ಪ್ಲೇಆಫ್‌ನ ಮೊದಲ ಸುತ್ತಿನಿಂದಲೂ ಅಮಾನತುಗೊಳಿಸಲಾಯಿತು. ಅದರ ನಂತರ ಅವರು ಆಟದ ರೀತಿಯನ್ನೇ ಬದಲಿಸಿಕೊಂಡರು: ಒಂದು ಹಂಗಾಮಿನಲ್ಲಿ 129 ಇದ್ದ ಅವರ ಶಿಕ್ಷೆಯ ನಿಮಿಷಗಳು ಮುಂದಿನದರಲ್ಲಿ 44ಕ್ಕೆ ಇಳಿದವು. ಕಠಿಣ ಅಮಾನತು ನಡವಳಿಕೆಯನ್ನು ತಿದ್ದಬಲ್ಲದು ಎಂಬುದಕ್ಕೆ ಅವರನ್ನು ಉದಾಹರಿಸುವುದುಂಟು. ಆದರೆ 2014ರ ಪ್ಲೇಆಫ್‌ನಲ್ಲಿ ಮೊಣಕಾಲಿನಿಂದ ಹೊಡೆದು ಅವರು ಮತ್ತೆ 7 ಪಂದ್ಯಗಳ ಅಮಾನತು ಪಡೆದರು.

ನಿಯಮ 48 ಜಾರಿಗೆ ಬಂದ ಮೊದಲ ಹಂಗಾಮಿನಲ್ಲೇ ಲೀಗ್‌ನ ಅತಿ ಪ್ರಸಿದ್ಧ ಆಟಗಾರ ಸಿಡ್ನಿ ಕ್ರಾಸ್ಬಿ, 2011ರ ಜನವರಿ 1 ಮತ್ತು 5ರ ಪಂದ್ಯಗಳಲ್ಲಿ ಎರಡು ಹೊಡೆತಗಳನ್ನು ತಿಂದು ಹಂಗಾಮಿನ ಉಳಿದ ಭಾಗವನ್ನು ಕಳೆದುಕೊಂಡರು. ನವೆಂಬರ್‌ನಲ್ಲಿ ಮರಳಿದ ಅವರಿಗೆ ಡಿಸೆಂಬರ್‌ನಲ್ಲಿ ಲಕ್ಷಣಗಳು ಮರುಕಳಿಸಿ, 2012ರ ಮಾರ್ಚ್‌ವರೆಗೆ ಮತ್ತೆ ಹೊರಗುಳಿಯಬೇಕಾಯಿತು. 2011–12ರಿಂದ ನಿಯಮದಲ್ಲಿದ್ದ ದಿಕ್ಕಿನ ಷರತ್ತನ್ನು ತೆಗೆದು, ಎದುರಿನಿಂದ ಬಂದರೂ ತಲೆಯನ್ನು ಗುರಿಯಾಗಿಸಿದ ಹೊಡೆತ ತಪ್ಪೆಂದು ವಿಸ್ತರಿಸಲಾಯಿತು. 2013ರಲ್ಲಿ ಪದಗಳನ್ನು ಮತ್ತೆ ಬದಲಿಸಲಾಯಿತು. ಈಗಿನ ರೂಪದ ಪ್ರಕಾರ ಎರಡು ಅಂಶಗಳು ಸಾಬೀತಾಗಬೇಕು: ಹೊಡೆತವು ಮುಖ್ಯವಾಗಿ ತಲೆಗೇ ತಗುಲಿರಬೇಕು, ಮತ್ತು ತಲೆಗೆ ತಗುಲುವುದನ್ನು ತಪ್ಪಿಸಲು ಸಾಧ್ಯವಿತ್ತು ಎಂದಾಗಬೇಕು. ಹೊಡೆದವನು ಎದುರಾಳಿಯ ದೇಹದ ಮೂಲಕ ನೇರವಾಗಿ ಹೊಡೆಯಲು ಯತ್ನಿಸಿದನೇ, ಎದುರಾಳಿಯ ಭಂಗಿಯಿಂದಲೇ ತಲೆಗೆ ಪೆಟ್ಟು ಅನಿವಾರ್ಯವಾಯಿತೇ, ಕೊನೆಯ ಕ್ಷಣದಲ್ಲಿ ಎದುರಾಳಿ ತಲೆಯನ್ನು ಸರಿಸಿದನೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ಹೀಗಾಗಿ ತಲೆಗೆ ತಗುಲಿದ ಹೊಡೆತವೆಲ್ಲವೂ ಎನ್‌ಎಚ್‌ಎಲ್‌ನಲ್ಲಿ ತಪ್ಪಲ್ಲ. ಟೀಕಾಕಾರರ ಮುಖ್ಯ ಆಕ್ಷೇಪ ಇದೇ.

ಆಟಗಾರರ ಸುರಕ್ಷತಾ ವಿಭಾಗ

2011ರವರೆಗೆ ಶಿಸ್ತಿನ ಹೊಣೆ ಹೊತ್ತಿದ್ದವರು ಲೀಗ್‌ನ ಉಪಾಧ್ಯಕ್ಷ ಕಾಲಿನ್ ಕ್ಯಾಂಬೆಲ್. ಅವರ ಮಗ ಗ್ರೆಗೊರಿ ಲೀಗ್‌ನಲ್ಲೇ ಆಡುತ್ತಿದ್ದುದರಿಂದ, ಮಗನ ತಂಡದ ಪ್ರಕರಣಗಳಿಂದ ಅವರು ದೂರ ಉಳಿಯುತ್ತಿದ್ದರೂ, ವ್ಯವಸ್ಥೆಯ ನಿಷ್ಪಕ್ಷತೆಯ ಬಗ್ಗೆ ಪ್ರಶ್ನೆಗಳೆದ್ದಿದ್ದವು. ಅವರು ಆ ಹೊಣೆಯನ್ನು ಬಿಟ್ಟುಕೊಟ್ಟ ಬಳಿಕ ನ್ಯೂಯಾರ್ಕ್‌ನಲ್ಲಿ ಪ್ರತ್ಯೇಕ ಸುರಕ್ಷತಾ ವಿಭಾಗ ರಚನೆಯಾಯಿತು. ಮಾಜಿ ಆಟಗಾರ ಬ್ರೆಂಡನ್ ಶಾನಹನ್ ಅದರ ಮೊದಲ ಮುಖ್ಯಸ್ಥರು. 2014ರಲ್ಲಿ ಸ್ಟೆಫಾನ್ ಕ್ವಿಂಟಾಲ್ ಮತ್ತು 2017ರಲ್ಲಿ ಜಾರ್ಜ್ ಪ್ಯಾರೋಸ್ ಆ ಸ್ಥಾನಕ್ಕೆ ಬಂದರು. ಪ್ಯಾರೋಸ್ ಆಡುವ ಕಾಲದಲ್ಲಿ ಎನ್‌ಫೋರ್ಸರ್ ಆಗಿದ್ದವರು. ಹೊಡೆದಾಟಗಾರನೊಬ್ಬ ಸುರಕ್ಷತೆಯ ಮುಖ್ಯಸ್ಥನಾದುದು ಕೆಲವರಿಗೆ ವಿಪರ್ಯಾಸವಾಗಿಯೂ ಕೆಲವರಿಗೆ ಅರ್ಹತೆಯಾಗಿಯೂ ಕಂಡಿತು.

ವಿಭಾಗದ ಸಿಬ್ಬಂದಿ ಪ್ರತಿಯೊಂದು ಪಂದ್ಯವನ್ನೂ ವೀಕ್ಷಿಸಿ ಸಂಶಯಾಸ್ಪದ ಹೊಡೆತಗಳ ದೃಶ್ಯಗಳನ್ನು ಬೇರ್ಪಡಿಸುತ್ತಾರೆ. ಆಟಗಾರನಿಗೆ ತನ್ನ ವಾದ ಮಂಡಿಸಲು ವಿಚಾರಣೆಯ ಅವಕಾಶ ನೀಡಲಾಗುತ್ತದೆ. ಆರು ಅಥವಾ ಹೆಚ್ಚು ಪಂದ್ಯಗಳ ಅಮಾನತು ವಿಧಿಸಬೇಕಾದರೆ ಖುದ್ದು ಹಾಜರಿಯ ವಿಚಾರಣೆಗೆ ಆಹ್ವಾನಿಸುವುದು ಕಡ್ಡಾಯ. ಆದ್ದರಿಂದ ಯಾವ ಬಗೆಯ ವಿಚಾರಣೆಗೆ ಕರೆ ಬಂದಿತೆಂಬುದರಿಂದಲೇ ಶಿಕ್ಷೆಯ ಗಾತ್ರವನ್ನು ಊಹಿಸುವುದು ವರದಿಗಾರರ ರೂಢಿ. ಹೊಡೆತದ ಸ್ವರೂಪ, ಎದುರಾಳಿಗೆ ಗಾಯವಾಗಿದೆಯೇ ಎಂಬ ಸಂಗತಿ ಮತ್ತು ಆಟಗಾರನ ಹಿಂದಿನ ಶಿಸ್ತಿನ ದಾಖಲೆಗಳನ್ನು ತೂಗಿ ತೀರ್ಮಾನ ಕೈಗೊಳ್ಳಲಾಗುತ್ತದೆ. ಪ್ರತಿ ಅಮಾನತಿಗೂ ಕಾರಣಗಳನ್ನು ವಿವರಿಸುವ ವಿಡಿಯೊವನ್ನು ಪ್ರಕಟಿಸುವ ಪದ್ಧತಿಯನ್ನು ಶಾನಹನ್ ಆರಂಭಿಸಿದರು. ತೀರ್ಪನ್ನು ಒಪ್ಪದವರೂ ಈ ಪಾರದರ್ಶಕತೆಯನ್ನು ಸ್ವಾಗತಿಸಿದ್ದಾರೆ.

ಅಮಾನತುಗೊಂಡ ಆಟಗಾರನು ಸಂಬಳವನ್ನೂ ಕಳೆದುಕೊಳ್ಳುತ್ತಾನೆ. ಮೊದಲ ಬಾರಿಯ ತಪ್ಪಿಗೆ ವಾರ್ಷಿಕ ಸಂಬಳವನ್ನು ಹಂಗಾಮಿನ ಒಟ್ಟು ದಿನಗಳಿಂದ ಭಾಗಿಸಿ ಪ್ರತಿ ಪಂದ್ಯಕ್ಕೆ ಒಂದು ಭಾಗ ಕಡಿತವಾಗುತ್ತದೆ. 18 ತಿಂಗಳೊಳಗೆ ಮತ್ತೆ ತಪ್ಪು ಮಾಡಿದವನನ್ನು 'ಪುನರಾವರ್ತಿತ ತಪ್ಪಿತಸ್ಥ' ಎಂದು ಪರಿಗಣಿಸಿ, ಹಂಗಾಮಿನ 82 ಪಂದ್ಯಗಳಿಂದ ಭಾಗಿಸಲಾಗುತ್ತದೆ. ಅವನ ನಷ್ಟ ಇದರಿಂದ ಎರಡು ಪಟ್ಟಿಗೂ ಮೀರುತ್ತದೆ. ಈ ಹಣ ಆಟಗಾರರ ತುರ್ತು ನೆರವು ನಿಧಿಗೆ ಸೇರುತ್ತದೆ. ಪ್ಲೇಆಫ್ ಪಂದ್ಯಗಳಿಗೆ ಸಂಬಳವಿಲ್ಲದ ಕಾರಣ ಅಲ್ಲಿನ ಅಮಾನತಿನಿಂದ ಸಂಬಳ ಕಡಿತವಾಗುವುದಿಲ್ಲ.

ಡಿಕ್ಕಿಯೊಂದಕ್ಕೆ ವಿಧಿಸಲಾದ ಅತಿ ದೊಡ್ಡ ಅಮಾನತುಗಳಲ್ಲಿ ಎರಡು ರಾಫಿ ಟಾರೆಸ್ ಅವರ ಹೆಸರಿನಲ್ಲಿವೆ. 2012ರ ಏಪ್ರಿಲ್ 17ರಂದು ಶಿಕಾಗೊದ ಮರಿಯನ್ ಹೋಸ್ಸಾ ಅವರ ಮೇಲಿನ ಹೊಡೆತಕ್ಕೆ 25 ಪಂದ್ಯಗಳ ಅಮಾನತಾಗಿ, ಮೇಲ್ಮನವಿಯಲ್ಲಿ ಅದು 21ಕ್ಕೆ ಇಳಿಯಿತು. 2015ರ ಅಕ್ಟೋಬರ್‌ನಲ್ಲಿ, ಹಂಗಾಮು ಆರಂಭಕ್ಕೆ ಮೊದಲಿನ ಅಭ್ಯಾಸ ಪಂದ್ಯವೊಂದರಲ್ಲಿ, ಅನಾಹೈಮ್‌ನ ಯಾಕೊಬ್ ಸಿಲ್ಫ್‌ವರ್‌ಬರ್ಗ್ ಅವರ ತಲೆಗೆ ಹೊಡೆದುದಕ್ಕೆ 41 ಪಂದ್ಯಗಳ, ಅಂದರೆ ಅರ್ಧ ಹಂಗಾಮಿನ, ಅಮಾನತಾಯಿತು. ಅವರು 4,40,000 ಡಾಲರ್‌ಗೂ ಹೆಚ್ಚು ಸಂಬಳ ಕಳೆದುಕೊಂಡರು. ಅವರು ಮತ್ತೆ ಎನ್‌ಎಚ್‌ಎಲ್ ಪಂದ್ಯ ಆಡಲಿಲ್ಲ.

ಮೇಲ್ಮನವಿ

ಅಮಾನತಿನ ವಿರುದ್ಧ ಆಟಗಾರರ ಸಂಘದ ಮೂಲಕ ಮೊದಲು ಲೀಗ್‌ನ ಕಮಿಷನರ್‌ಗೆ ಮೇಲ್ಮನವಿ ಸಲ್ಲಿಸಬಹುದು. ಕಮಿಷನರ್ ಆರು ಅಥವಾ ಹೆಚ್ಚು ಪಂದ್ಯಗಳ ಅಮಾನತನ್ನು ಎತ್ತಿಹಿಡಿದರೆ, 2013ರ ಸಾಮೂಹಿಕ ಒಪ್ಪಂದದ ಪ್ರಕಾರ ತಟಸ್ಥ ಮಧ್ಯಸ್ಥಗಾರರ ಬಳಿಗೆ ಹೋಗಬಹುದು. ಈ ಹಕ್ಕಿನ ಮಹತ್ವ ಎರಡು ಪ್ರಕರಣಗಳಲ್ಲಿ ಸ್ಪಷ್ಟವಾಯಿತು.

2016ರ ಜನವರಿ 27ರಂದು ಕ್ಯಾಲ್ಗರಿ ಫ್ಲೇಮ್ಸ್‌ನ ಡೆನಿಸ್ ವೈಡ್‌ಮನ್, ಡಿಕ್ಕಿಯೊಂದನ್ನು ತಿಂದು ತನ್ನ ಬೆಂಚಿನತ್ತ ಮರಳುವಾಗ ಲೈನ್ಸ್‌ಮನ್ ಡಾನ್ ಹೆಂಡರ್ಸನ್ ಅವರನ್ನು ಹಿಂದಿನಿಂದ ಕೋಲಿನಿಂದ ನೂಕಿ ಬೀಳಿಸಿದರು. ತನಗಾಗಲೇ ಮಿದುಳಿನ ಆಘಾತವಾಗಿತ್ತು, ಆ ಗೊಂದಲದಲ್ಲಿ ಹಾಗಾಯಿತು ಎಂಬುದು ಅವರ ವಾದ. ಲೀಗ್ ವಿಧಿಸಿದ 20 ಪಂದ್ಯಗಳ ಅಮಾನತನ್ನು ಕಮಿಷನರ್ ಗ್ಯಾರಿ ಬೆಟ್‌ಮನ್ ಎತ್ತಿಹಿಡಿದರು. ಮಧ್ಯಸ್ಥಗಾರರು ಅದನ್ನು 10ಕ್ಕೆ ಇಳಿಸಿದರು. ಲೀಗ್ ನ್ಯಾಯಾಲಯಕ್ಕೆ ಹೋದರೂ ಗೆಲ್ಲಲಿಲ್ಲ. 2018ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್‌ನ ಟಾಮ್ ವಿಲ್ಸನ್, ಸೇಂಟ್ ಲೂಯಿಸ್‌ನ ಆಸ್ಕರ್ ಸುಂಡ್‌ಕ್ವಿಸ್ಟ್ ಅವರ ತಲೆಗೆ ಹೊಡೆದುದಕ್ಕೆ 20 ಪಂದ್ಯಗಳ ಅಮಾನತು ಪಡೆದರು. ಸುಮಾರು ಒಂದು ವರ್ಷದ ಅವಧಿಯಲ್ಲಿ ಅದು ಅವರ ನಾಲ್ಕನೆಯ ಅಮಾನತಾಗಿತ್ತು. ಮಧ್ಯಸ್ಥಗಾರರು ಅದನ್ನು 14ಕ್ಕೆ ಇಳಿಸಿದಾಗ ವಿಲ್ಸನ್ ಆಗಲೇ 16 ಪಂದ್ಯಗಳನ್ನು ಕಳೆದುಕೊಂಡಿದ್ದರು. ಮೇಲ್ಮನವಿಯ ನಿಧಾನಗತಿಯಿಂದಾಗಿ ಗೆದ್ದವನಿಗೂ ಪಂದ್ಯಗಳು ಮರಳಿ ಸಿಗುವುದಿಲ್ಲ, ಹಣವಷ್ಟೇ ಸಿಗುತ್ತದೆ.

ಟೀಕೆ

ಕ್ರಿಯೆಯನ್ನು ಶಿಕ್ಷಿಸಬೇಕೋ ಪರಿಣಾಮವನ್ನು ಶಿಕ್ಷಿಸಬೇಕೋ ಎಂಬುದು ಮೂಲ ವಿವಾದ. ಒಂದೇ ಬಗೆಯ ಎರಡು ಹೊಡೆತಗಳಲ್ಲಿ ಒಬ್ಬನು ಎದ್ದು ಆಟ ಮುಂದುವರಿಸಿ ಮತ್ತೊಬ್ಬನು ಆಸ್ಪತ್ರೆ ಸೇರಿದರೆ ಶಿಕ್ಷೆಗಳೂ ಬೇರೆಯಾಗುತ್ತವೆ. ಇದಕ್ಕೆ ತದ್ವಿರುದ್ಧವಾದ ಪ್ರಕರಣವೂ ಇದೆ. 2011ರ ಮಾರ್ಚ್ 8ರಂದು ಮಾಂಟ್ರಿಯಲ್‌ನಲ್ಲಿ ಬೋಸ್ಟನ್ ನಾಯಕ ಜ್ಡೆನೊ ಚಾರಾ ಎದುರಾಳಿ ಮ್ಯಾಕ್ಸ್ ಪ್ಯಾಚಿಯೊರೆಟ್ಟಿಯನ್ನು ಹಲಗೆಯತ್ತ ನೂಕಿದಾಗ, ಬೆಂಚುಗಳ ನಡುವೆ ಗಾಜು ಕೊನೆಗೊಳ್ಳುವಲ್ಲಿದ್ದ ಕಂಬಕ್ಕೆ ಅವರ ತಲೆ ಬಡಿಯಿತು. ಕಶೇರು ಮುರಿದು ಮಿದುಳಿಗೆ ಆಘಾತವಾದರೂ, ಲೀಗ್ ಅದನ್ನು ಆಟದ ಭಾಗವಾಗಿ ನಡೆದ ದುರದೃಷ್ಟಕರ ಘಟನೆಯೆಂದು ಪರಿಗಣಿಸಿ ಚಾರಾ ಅವರನ್ನು ಅಮಾನತುಗೊಳಿಸಲಿಲ್ಲ. ಪೊಲೀಸರು ತನಿಖೆ ಆರಂಭಿಸಿದರು. ಪ್ರಾಯೋಜಕ ಸಂಸ್ಥೆಯಾದ ಏರ್ ಕೆನಡಾ ಬೆಂಬಲ ಹಿಂತೆಗೆಯುವುದಾಗಿ ಎಚ್ಚರಿಸಿತು. ಕೊನೆಗೆ ಆರೋಪಪಟ್ಟಿ ದಾಖಲಾಗಲಿಲ್ಲ. ಆದರೆ ಮುಂದಿನ ಹಂಗಾಮಿಗೆ ಆ ಜಾಗದಲ್ಲಿ ಬಾಗಿದ ಗಾಜನ್ನು ಅಳವಡಿಸಲಾಯಿತು.

ದಂಡದ ಮೊತ್ತ ಚಿಕ್ಕದೆಂಬುದು ಇನ್ನೊಂದು ದೂರು. 2021ರ ಮೇ 3ರಂದು ವಿಲ್ಸನ್, ನ್ಯೂಯಾರ್ಕ್ ರೇಂಜರ್ಸ್‌ನ ಪಾವೆಲ್ ಬುಚ್ನೆವಿಚ್ ನೆಲದ ಮೇಲಿದ್ದಾಗ ಗುದ್ದಿ, ಹೆಲ್ಮೆಟ್ ಕಳಚಿದ್ದ ಆರ್ಟೆಮಿ ಪನಾರಿನ್ ಅವರನ್ನು ಮಂಜುಗಡ್ಡೆಗೆ ಎಸೆದರು. ಪನಾರಿನ್ ಹಂಗಾಮಿನ ಉಳಿದ ಪಂದ್ಯಗಳನ್ನು ಆಡಲಾಗಲಿಲ್ಲ. ಕೋಟ್ಯಂತರ ರೂಪಾಯಿ ಸಂಬಳದ ವಿಲ್ಸನ್‌ಗೆ ವಿಧಿಸಿದ್ದು 5,000 ಡಾಲರ್ ದಂಡ. ಪ್ಯಾರೋಸ್ ಆ ಹುದ್ದೆಗೆ ತಕ್ಕವರಲ್ಲವೆಂದು ರೇಂಜರ್ಸ್ ಸಂಸ್ಥೆ ಬಹಿರಂಗ ಹೇಳಿಕೆ ನೀಡಿತು. ಅದಕ್ಕಾಗಿ ಲೀಗ್ ಸಂಸ್ಥೆಗೆ 2,50,000 ಡಾಲರ್ ದಂಡ ಹಾಕಿತು. ಎರಡು ದಿನಗಳ ನಂತರ ಅದೇ ತಂಡಗಳ ಪಂದ್ಯವು ಪಕ್ ಬಿದ್ದ ಕೂಡಲೇ ಸಾಮೂಹಿಕ ಹೊಡೆದಾಟದಿಂದ ಆರಂಭವಾಯಿತು.

ತಾರಾ ಆಟಗಾರರಿಗೆ ವಿನಾಯಿತಿ ಇದೆ ಎಂಬ ಆರೋಪವೂ ಹಳೆಯದು. 2025ರ ಜನವರಿಯಲ್ಲಿ ಎಡ್ಮಂಟನ್ ನಾಯಕ ಕಾನರ್ ಮೆಕ್‌ಡೇವಿಡ್‌ಗೆ ಕೋಲನ್ನು ಅಡ್ಡಹಿಡಿದು ಎದುರಾಳಿಯ ಮುಖಕ್ಕೆ ಹೊಡೆದುದಕ್ಕಾಗಿ 3 ಪಂದ್ಯಗಳ ಅಮಾನತಾಯಿತು.

ಮಿದುಳಿನ ಆಘಾತ ಮತ್ತು ಮೊಕದ್ದಮೆ

ತಲೆಗೆ ಪದೇ ಪದೇ ಬೀಳುವ ಪೆಟ್ಟುಗಳೊಂದಿಗೆ ಸಂಬಂಧ ಹೊಂದಿರುವ ಸಿ.ಟಿ.ಇ. ಎಂಬ ಮಿದುಳಿನ ಕ್ಷಯ ರೋಗವನ್ನು ಸಾವಿನ ನಂತರ ಮಿದುಳನ್ನು ಪರೀಕ್ಷಿಸಿ ಮಾತ್ರ ಖಚಿತಪಡಿಸಬಹುದು. 2009ರಲ್ಲಿ ರೆಗಿ ಫ್ಲೆಮಿಂಗ್ ಅವರಲ್ಲಿ, ಬಳಿಕ ಬಾಬ್ ಪ್ರೊಬರ್ಟ್, ಡೆರೆಕ್ ಬೂಗಾರ್ಡ್ ಮತ್ತು ಸ್ಟೀವ್ ಮಾಂಟಡೋರ್ ಅವರಲ್ಲಿ ಈ ರೋಗ ಪತ್ತೆಯಾಯಿತು. ಎನ್‌ಫೋರ್ಸರ್ ಆಗಿದ್ದ ಬೂಗಾರ್ಡ್ 2011ರಲ್ಲಿ ತೀರಿಕೊಂಡಾಗ ಅವರ ವಯಸ್ಸು 28 ಮಾತ್ರ. ಹಾಕಿಗೂ ಈ ರೋಗಕ್ಕೂ ಸಂಬಂಧ ಸಾಬೀತಾಗಿದೆ ಎಂಬುದನ್ನು ಲೀಗ್ ಒಪ್ಪಿಕೊಂಡಿಲ್ಲ.

ಅಪಾಯದ ಅರಿವಿದ್ದೂ ತಮ್ಮನ್ನು ಎಚ್ಚರಿಸಲಿಲ್ಲವೆಂದು ಮಾಜಿ ಆಟಗಾರರು ಹೂಡಿದ ಮೊಕದ್ದಮೆಯನ್ನು ಸಾಮೂಹಿಕ ದಾವೆಯೆಂದು ಪರಿಗಣಿಸಲು ಮಿನ್ನೆಸೋಟದ ಫೆಡರಲ್ ನ್ಯಾಯಾಲಯ 2018ರ ಜುಲೈನಲ್ಲಿ ನಿರಾಕರಿಸಿತು. ಅದೇ ನವೆಂಬರ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಆಟಗಾರರೊಂದಿಗೆ 1.89 ಕೋಟಿ ಡಾಲರ್‌ಗೆ ರಾಜಿಯಾಯಿತು. ಲೀಗ್ ಯಾವ ಹೊಣೆಯನ್ನೂ ಒಪ್ಪಿಕೊಳ್ಳಲಿಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಇದೇ ಬಗೆಯ ದಾವೆಯಲ್ಲಿ ಒಪ್ಪಿಕೊಂಡ ಮೊತ್ತ ನೂರು ಕೋಟಿ ಡಾಲರ್‌ಗಳ ಆಸುಪಾಸಿನದು.

ಇತರ ಸುರಕ್ಷತಾ ಕ್ರಮಗಳು

2011ರ ಮಾರ್ಚ್‌ನಿಂದ, ಮಿದುಳಿನ ಆಘಾತದ ಸಂಶಯವಿರುವ ಆಟಗಾರನನ್ನು ಬೆಂಚಿನಿಂದ ದೂರದ ಶಾಂತ ಕೊಠಡಿಯಲ್ಲಿ ವೈದ್ಯರು ಪರೀಕ್ಷಿಸಬೇಕು. ನಂತರದ ವರ್ಷಗಳಲ್ಲಿ, ಪಂದ್ಯವನ್ನು ದೂರದಿಂದ ಗಮನಿಸಿ ಅಂತಹ ಆಟಗಾರನನ್ನು ಹೊರಕಳುಹಿಸಲು ಸೂಚಿಸುವ ವೀಕ್ಷಕರನ್ನು ನೇಮಿಸಲಾಯಿತು. 2013–14ರಿಂದ ಹೊಸ ಆಟಗಾರರಿಗೆ ಕಣ್ಣಿನ ಮುಂದಿನ ಪಾರದರ್ಶಕ ಕವಚ ಕಡ್ಡಾಯ. ಅದೇ ಹಂಗಾಮಿನಲ್ಲಿ, ಉದ್ದಕ್ಕೆ ಹೊಡೆದ ಪಕ್‌ಗಾಗಿ ಇಬ್ಬರು ಹಲಗೆಯವರೆಗೂ ಪೈಪೋಟಿಯಿಂದ ಧಾವಿಸುವ ಹಳೆಯ ಪದ್ಧತಿಯನ್ನು ಬದಲಿಸಿ, ಹಲಗೆ ಮುಟ್ಟುವ ಮೊದಲೇ ಲೈನ್ಸ್‌ಮನ್ ಯಾರು ಮುಂದಿದ್ದಾರೆಂದು ತೀರ್ಮಾನಿಸುವ ವ್ಯವಸ್ಥೆ ಬಂದಿತು. ಕೆಲವೇ ತಿಂಗಳ ಹಿಂದೆ, 2013ರ ಏಪ್ರಿಲ್‌ನಲ್ಲಿ, ಇಂತಹ ಓಟದಲ್ಲಿ ಕ್ಯಾರೊಲಿನಾ ಹರಿಕೇನ್ಸ್‌ನ ಯೋನಿ ಪಿಟ್‌ಕ್ಯಾನೆನ್ ಹಲಗೆಗೆ ಅಪ್ಪಳಿಸಿ ಹಿಮ್ಮಡಿ ಮುರಿದುಕೊಂಡಿದ್ದರು. ಅವರು ಮತ್ತೆ ಎನ್‌ಎಚ್‌ಎಲ್‌ಗೆ ಮರಳಲಿಲ್ಲ.